ಇಳಿಸಿದ ಪಿಕಪ್ಪನ್ನು ಎತ್ತರಿಸುವುದು ಹೇಗೆ: ಮೊದಲು ಕಂಪನಿ ಎತ್ತರ, ಉಳಿದದ್ದು ಆಮೇಲೆ

ಶೋಕಿಗೆಂದು ಸಸ್ಪೆನ್ಷನ್ ತಗ್ಗಿಸಿ ನೆಲದ ಹತ್ತಿರಕ್ಕೆ ಇಳಿಸಿದ ಪಿಕಪ್ಪುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಸ್ವಲ್ಪ ಅಗ್ಗಕ್ಕೇ ಸಿಗುತ್ತವೆ. ಬೆಂಗಳೂರಿನ ಟಾರು ರಸ್ತೆಯಲ್ಲಿ ನೆಲ ಸವರಿಕೊಂಡು ಓಡಾಡಿದ ಗಾಡಿ ಕೈ ಬದಲಾಗಿ ದಾವಣಗೆರೆಗೆ ಬಂದರೆ ಅದರ ಪಾಡೇ ಬೇರೆ. ಜಗಳೂರು ಕಡೆಯ ಎರೆ ಹೊಲದ ದಾರಿ, ಚನ್ನಗಿರಿ ಕಡೆಯ ಅಡಿಕೆ ತೋಟದ ಒಳದಾರಿ, ಭದ್ರಾ ನಾಲೆಯ ಏರಿ ಇವೆಲ್ಲ ಇಳಿಸಿದ ಗಾಡಿಗೆ ಹೇಳಿದ್ದಲ್ಲ. ಟ್ರ್ಯಾಕ್ಟರ್ ಗಾಲಿ ಕೊರೆದ ಜಾಡಿನ ನಡುವಿನ ದಿಬ್ಬಕ್ಕೆ ಹೊಟ್ಟೆ ತಾಗಿ ಕೂತರೆ ಎಳೆಯಲು ಇನ್ನೊಂದು ಟ್ರ್ಯಾಕ್ಟರೇ ಬರಬೇಕು. ಆಗ ಮಾಲೀಕ ಗ್ಯಾರೇಜಿಗೆ ಹೋಗಿ "ಎತ್ತರ ಮಾಡ್ಸಿಕೊಡ್ರಿ" ಅನ್ನುತ್ತಾನೆ. ಅವಸರದ ಗ್ಯಾರೇಜಿನವನ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: "ಅದಕ್ಕೇನಣ್ಣ, ಹಿಂದೆ ಎರಡು ಬ್ಲಾಕ್, ಮುಂದೆ ಒಂದು ಸ್ಪೇಸರ್. ಸಾಯಂಕಾಲಕ್ಕೆ ಗಾಡಿ ತಗೊಂಡು ಹೋಗ್ರಿ." (ಬ್ಲಾಕ್, ಸ್ಪೇಸರ್ ಅಂದರೆ ಎತ್ತರ ಬರಲೆಂದು ಸಸ್ಪೆನ್ಷನ್ನಿನ ನಡುವೆ ಇಡುವ ತುಂಡುಗಳು.)

ಸಾಯಂಕಾಲದ ಗಾಡಿ ತರಬೇಡಿ. ಇಳಿಸಿದ ಗಾಡಿಯಲ್ಲಿ ಯಾರೋ ಏನೋ ಕತ್ತರಿಸಿದ್ದಾರೆ, ಬಿಚ್ಚಿದ್ದಾರೆ, ಕಾಯಿಸಿ ಬಗ್ಗಿಸಿದ್ದಾರೆ. ಅದರ ಮೇಲೆಯೇ ಎತ್ತರದ ಸಾಮಾನು ಪೇರಿಸಿದರೆ ಹಳೆಯ ತಪ್ಪು ಒಳಗೇ ಉಳಿದು ಹೊಸದೊಂದು ಸೇರಿಕೊಳ್ಳುತ್ತದೆ. ಮೊದಲು ಮಾಡಿದ್ದನ್ನೆಲ್ಲ ಬಿಚ್ಚಿ ಗಾಡಿಯನ್ನು ಕಂಪನಿ ಎತ್ತರಕ್ಕೆ ತನ್ನಿ, ಲೋಡ್ ಹಾಕಿ ನಾಲ್ಕು ದಿನ ಓಡಿಸಿ. ಇನ್ನೂ ಎತ್ತರ ಬೇಕೇ ಅನ್ನುವುದನ್ನು ಆಮೇಲೆ ಯೋಚಿಸಿ. ಹತ್ತರಲ್ಲಿ ಎಂಟು ಜನಕ್ಕೆ ಅಲ್ಲಿಗೇ ಕೆಲಸ ಮುಗಿದಿರುತ್ತದೆ ಅನ್ನುವುದು ನನ್ನ ಅಂದಾಜು.

ಕಾನೂನಿನ ಮಾತು ಮೊದಲೇ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌.ಸಿ.ಗೂ ತಾಳೆಯಾಗದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಡಿ, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ವಿಧಿಸಬಹುದು. ಹಾಗೆ ನೋಡಿದರೆ ಇಳಿಸಿದ ಗಾಡಿ ಈಗಲೇ ತಪ್ಪಿನಲ್ಲಿದೆ. ಅದನ್ನು ಕಂಪನಿ ಎತ್ತರಕ್ಕೆ ತರುವುದು ರಿಪೇರಿ, ಅದಕ್ಕೆ ಯಾರೂ ಅಡ್ಡಿ ಹೇಳುವುದಿಲ್ಲ. ಅದರಾಚೆಗೆ ಎತ್ತರಿಸುವುದಾದರೆ ಕೆಲಸಕ್ಕೆ ಮುಂಚೆಯೇ ಆರ್‌.ಟಿ.ಒ. ಕಚೇರಿಯಲ್ಲೂ ಇನ್ಶೂರೆನ್ಸ್ ಕಂಪನಿಯಲ್ಲೂ ಬರಹದಲ್ಲಿ ಕೇಳಿ. ಹಳದಿ ಬೋರ್ಡಿನ ಗಾಡಿಯಾದರೆ ಫಿಟ್ನೆಸ್ ಸರ್ಟಿಫಿಕೇಟಿಗೆ, ಅಂದರೆ ಎಫ್‌.ಸಿ.ಗೆ ನಿಲ್ಲಿಸಿದ ದಿನ ಇದು ಹೇಗೂ ಎದುರಾಗುತ್ತದೆ. ಚಿತ್ರದುರ್ಗದ ಕೆಎ-16 ಇರಲಿ, ದಾವಣಗೆರೆಯ ಕೆಎ-17 ಇರಲಿ, ಇನ್‌ಸ್ಪೆಕ್ಟರ್ ಮೊದಲು ಬಗ್ಗಿ ನೋಡುವುದೇ ಗಾಡಿಯ ಕೆಳಗೆ.

ಅಳತೆ

ಪಾನ (ಸ್ಪ್ಯಾನರ್) ಹಿಡಿಯುವ ಮೊದಲು ಟೇಪು ಹಿಡಿಯಿರಿ. ಸಮತಟ್ಟಾದ ಜಾಗ ಬೇಕು. ಪೆಟ್ರೋಲ್ ಬಂಕಿನ ಕಾಂಕ್ರೀಟು ನೆಲವೋ ವೇಬ್ರಿಡ್ಜಿನ ತಟ್ಟೆಯೋ ಆದರೆ ಒಳ್ಳೆಯದು. ನಾಲ್ಕೂ ಚಕ್ರದ ಗಾಳಿ ಸರಿ ಮಾಡಿ, ಗಾಡಿ ಖಾಲಿ ಇರಲಿ. ಚಕ್ರದ ನಡುಬಿಂದುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗೆ ಅಳೆದು ನಾಲ್ಕು ಕಡೆಯದ್ದೂ ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಎತ್ತರವೂ ಸೇರಿ ಲೆಕ್ಕ ಕೆಡುತ್ತದೆ. ಅದೇ ಮಾಡೆಲ್ಲಿನ, ಯಾರೂ ಕೈ ಹಾಕದ ಇನ್ನೊಂದು ಗಾಡಿಯನ್ನು ಹುಡುಕಿ ಅದೇ ಅಳತೆ ತೆಗೆಯಿರಿ. ಎರಡರ ನಡುವಿನ ವ್ಯತ್ಯಾಸವೇ ನೀವು ಮಾಡಬೇಕಾದ ಕೆಲಸ.

ಟೈರಿನದ್ದು ಬೇರೆ ಲೆಕ್ಕ. ಇಸುಝು ವಿ-ಕ್ರಾಸ್‌ನಲ್ಲಿ ಬರುವ 255/60 ಆರ್ 18 ಟೈರಿನ ವ್ಯಾಸ ಸುಮಾರು 763 ಮಿ.ಮೀ. ಅದನ್ನು ತೆಗೆದು ಯಾರಾದರೂ ಶೋಕಿಗೆ 255/45 ಆರ್ 18 ಹಾಕಿದ್ದರೆ ವ್ಯಾಸ 687ಕ್ಕೆ ಇಳಿಯಿತು. ಅದರ ಅರ್ಧ, ಅಂದರೆ 38 ಮಿ.ಮೀ. ನೆಲದಂತರ ಬರೀ ಟೈರಿನಲ್ಲೇ ಹೋಗಿದೆ. ಸ್ಪೀಡೋಮೀಟರ್ ಕೂಡ ನಿಜಕ್ಕಿಂತ ನೂರಕ್ಕೆ ಹನ್ನೊಂದರಷ್ಟು ಹೆಚ್ಚು ತೋರಿಸುತ್ತಿರುತ್ತದೆ. ಮೂಲ ಅಳತೆಯ ಟೈರು ಹಾಕಿದರೆ ಒಂದು ಬೋಲ್ಟೂ ಬಿಚ್ಚದೆ ಒಂದೂವರೆ ಇಂಚು ವಾಪಸ್ ಬಂತು.

ಇನ್ನೊಂದು ವಿಷಯ ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಸಸ್ಪೆನ್ಷನ್ ಎಷ್ಟೇ ಎತ್ತರಿಸಿದರೂ ಹಿಂದಿನ ಆಕ್ಸಲ್ಲಿನ ಹೌಸಿಂಗ್, ಅಂದರೆ ಕ್ರೌನ್ ಗೇರು ಕೂತ ನಡುವಿನ ಆ ಗುಂಡು ಭಾಗ, ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಏಳುವುದು ಚಾಸಿ, ಬಾಡಿ, ಬಂಪರ್ ಮಾತ್ರ. ಜಾಡಿನ ನಡುವಿನ ಕಲ್ಲಿಗೆ ಹೌಸಿಂಗೇ ಬಡಿಯುತ್ತಿದ್ದರೆ ಅದಕ್ಕೆ ಮದ್ದು ಟೈರಿನಲ್ಲಿದೆ. ನಿಮ್ಮ ಗಾಡಿಗೆ ತಗಲುತ್ತಿರುವುದು ಯಾವುದು ಅಂತ ಮಲಗಿ ನೋಡಿ, ಗೀರು ಅಲ್ಲೇ ಇರುತ್ತದೆ.

ಹೇಗೆ ಇಳಿಸಿದ್ದಾರೆ, ಪತ್ತೆ ಮಾಡಿ

ಹಿಂದೆ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಇರುವ ಗಾಡಿಯಲ್ಲಿ ಇಳಿಸುವ ದಾರಿಗಳು ನಾಲ್ಕೈದು. ಪ್ಲೇಟುಗಳನ್ನು ಕಡಿಮೆ ಮಾಡಿರಬಹುದು. ಪ್ಲೇಟುಗಳನ್ನು ನಡುವೆ ಹಿಡಿದಿರುವ ಸೆಂಟರ್ ಬೋಲ್ಟಿನ ಉದ್ದ ಮತ್ತು ಕ್ಲಿಪ್ಪಿನಲ್ಲಿ ಉಳಿದ ಖಾಲಿ ಜಾಗ ಅದನ್ನು ಹೇಳಿಬಿಡುತ್ತವೆ. ಪಟ್ಟಿಯನ್ನು ಗ್ಯಾಸಿನಲ್ಲಿ ಕಾಯಿಸಿ ಕಮಾನು ಇಳಿಸಿರಬಹುದು. ತುಕ್ಕು ಕೆರೆದು ನೋಡಿದರೆ ಕಾಯಿಸಿದ ಜಾಗದ ಬಣ್ಣ ನೀಲಿಯೋ ಕಂದೋ ಆಗಿ ಉಳಿದ ಉಕ್ಕಿಗಿಂತ ಬೇರೆ ಕಾಣುತ್ತದೆ. ಪಟ್ಟಿಯ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಬದಲಾಯಿಸಿರಬಹುದು. ಎಲ್ಲಕ್ಕಿಂತ ದೊಡ್ಡದು ಆಕ್ಸಲ್ಲನ್ನೇ ಪಟ್ಟಿಯ ಮೇಲಕ್ಕೆ ತಂದು ಕೂರಿಸುವುದು. ಪಿಕಪ್ಪುಗಳಲ್ಲಿ ಸಾಮಾನ್ಯವಾಗಿ ಪಟ್ಟಿ ಆಕ್ಸಲ್ಲಿನ ಮೇಲೆ ಕೂತಿರುತ್ತದೆ. ಅದನ್ನು ತಿರುವುಮುರುವು ಮಾಡಿದರೆ ಒಂದೇ ಏಟಿಗೆ ಐದಾರು ಇಂಚು ಇಳಿಯುತ್ತದೆ. (ಹಳೆಯ ಜೀಪುಗಳಲ್ಲಿ ಕಂಪನಿಯಿಂದಲೇ ಪಟ್ಟಿ ಆಕ್ಸಲ್ಲಿನ ಕೆಳಗಿರುತ್ತಿತ್ತು, ಅದನ್ನು ನೋಡಿ ಗಾಬರಿಯಾಗಬೇಡಿ.)

ಆಕ್ಸಲ್ ಮೇಲೆ ಬಂದಿದ್ದರೆ ಅದರ ನೇರಕ್ಕೆ ಚಾಸಿಯನ್ನೂ ನೋಡಿ. ಆಕ್ಸಲ್ ಕುಣಿಯಲು ಜಾಗ ಬೇಕೆಂದು ಚಾಸಿಯ ಕೆಳಭಾಗವನ್ನು ಅರ್ಧಚಂದ್ರದಂತೆ ಕತ್ತರಿಸಿ ಒಳಗೆ ಪಟ್ಟಿ ಬೆಸೆದಿರುತ್ತಾರೆ. ವೆಲ್ಡಿಂಗಿನ ಅಂಚಿನಲ್ಲಿ ಕೂದಲಿನಂಥ ತುಕ್ಕಿನ ಗೆರೆ ಕಂಡರೆ ಅದು ಬಿರುಕು. ವೈರ್ ಬ್ರಷ್ಷಿನಲ್ಲಿ ತಿಕ್ಕಿ, ಡೀಸೆಲ್ ಸವರಿ ಒರೆಸಿ, ಮೇಲೆ ಸೀಮೆಸುಣ್ಣ ಬಳಿದು ಸ್ವಲ್ಪ ಹೊತ್ತು ಬಿಡಿ. ಬಿರುಕಿನೊಳಗೆ ಉಳಿದ ಡೀಸೆಲ್ ಸುಣ್ಣದ ಮೇಲೆ ಗೆರೆಯಾಗಿ ಎದ್ದು ಬರುತ್ತದೆ. ಅಂಥ ಚಾಸಿ ಸಿಕ್ಕರೆ ಎತ್ತರದ ಯೋಚನೆ ಬದಿಗಿಡಿ. ಮೆಕ್ಕೆಜೋಳದ ಚೀಲ ಹೇರುವ ಗಾಡಿಯ ಭಾರವೆಲ್ಲ ಬೀಳುವುದು ಅದೇ ಜಾಗದ ಮೇಲೆ. ಚಾಸಿ ಕೆಲಸವನ್ನೇ ಮಾಡುವ ಕಡೆ ತೋರಿಸಿ. ಸರಿಹೋಗುವುದಿಲ್ಲ ಅಂದರೆ ಆ ಗಾಡಿಯನ್ನು ಕೊಳ್ಳದಿರುವುದೇ ಲಾಭ.

ಮುಂಭಾಗ ಗಾಡಿಗೊಂದು ಥರ. ವಿ-ಕ್ರಾಸ್‌ನಲ್ಲಿ ಕಾಯಿಲ್ ಸ್ಪ್ರಿಂಗು, ಟಾಟಾ ಝೆನಾನ್‌ನಲ್ಲಿ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು), ಕೆಲವು ಸರಕು ಪಿಕಪ್ಪುಗಳಲ್ಲಿ ಮುಂದೆಯೂ ಪಟ್ಟಿಯೇ. ಕಾಯಿಲ್ ಆದರೆ ಒಂದೋ ಒಂದೂವರೆಯೋ ಸುತ್ತು ಕತ್ತರಿಸಿರುವ ಸಂಭವವೇ ಹೆಚ್ಚು. ಕಂಪನಿಯ ಸ್ಪ್ರಿಂಗಿನ ತುದಿ ತನ್ನ ಕುಳಿಯಲ್ಲಿ ಸರಿಯಾಗಿ ಕೂತಿರುತ್ತದೆ. ಕತ್ತರಿಸಿದ್ದರ ತುದಿ ಒರಟಾಗಿ ಸೀಟಿನ ಮೇಲೆ ಓರೆ ನಿಂತಿರುತ್ತದೆ. ಕತ್ತರಿಸಿದ ಕಾಯಿಲ್ಲಿಗೆ ಮೇಲೊಂದು ಸ್ಪೇಸರ್ ಇಟ್ಟು ಎತ್ತರ ತರುವುದು ಗ್ಯಾರೇಜುಗಳಲ್ಲಿ ನಡೆಯುವ ಅತಿ ಕೆಟ್ಟ ಕೆಲಸ. ಅದನ್ನು ತೆಗೆದು ಎರಡೂ ಬದಿಗೆ ಹೊಸದನ್ನೇ ಹಾಕಬೇಕು. ಟಾರ್ಷನ್ ಬಾರಿನವರಿಗೆ ಅದೃಷ್ಟ. ಬೋಲ್ಟ್ ಸಡಿಲಿಸಿ ಇಳಿಸಿದ್ದನ್ನು ಬೋಲ್ಟ್ ತಿರುಗಿಸಿಯೇ ಮೇಲಕ್ಕೆ ತರಬಹುದು.

ಹಿಂಭಾಗದ ಕೆಲಸ

ಮುಂದಿನ ಚಕ್ರಕ್ಕೆ ಅಡ್ಡ ಕಟ್ಟೆ ಕೊಟ್ಟು, ಚಾಸಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ. ಜಾಕಿ ಇರುವುದು ಆಕ್ಸಲ್ ಏರಿಸಿ ಇಳಿಸುವುದಕ್ಕೆ. ಜಾಕಿಯ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ಯಾರೂ ತಲೆ ಹಾಕಬಾರದು, ಇಟ್ಟಿಗೆ, ಸೈಜುಗಲ್ಲಿನ ಮೇಲೆ ನಿಂತದ್ದರ ಕೆಳಗಂತೂ ಬೇಡವೇ ಬೇಡ.

ಶಾಕ್ ಅಬ್ಸಾರ್ಬರ್ ಬಿಚ್ಚಿ, ಆಕ್ಸಲ್ಲಿಗೆ ಜಾಕಿ ಕೊಟ್ಟು, ಪಟ್ಟಿಯನ್ನು ಆಕ್ಸಲ್ಲಿಗೆ ಬಿಗಿದಿರುವ ಯು-ಬೋಲ್ಟ್ ಸಡಿಲಿಸಿ. ಬಿಚ್ಚಿದ ಯು-ಬೋಲ್ಟನ್ನು ಮತ್ತೆ ಬಳಸಬಾರದು. ಅದನ್ನು ಒಮ್ಮೆ ಪೂರ್ತಿ ಬಿಗಿದಾಗಲೇ ಉಕ್ಕು ಹಿಗ್ಗಿರುತ್ತದೆ. ಕೈಯಲ್ಲಿ ಹಿಡಿದು ಹೊಸ ನಟ್ ತಿರುಗಿಸಿ ನೋಡಿ: ಒಂದಷ್ಟು ದೂರ ಸಲೀಸಾಗಿ ಹೋಗಿ, ಹಳೆಯ ನಟ್ ಕೂತಿದ್ದ ಜಾಗಕ್ಕೆ ಬಂದಾಗ ತಡೆಯುತ್ತದೆ, ಅಲ್ಲಿ ಮರೆಗಳು (ಥ್ರೆಡ್ಡುಗಳು) ಎಳೆದುಕೊಂಡಿರುತ್ತವೆ. ಎಷ್ಟೋ ಸಾವಿರದ ಕೆಲಸ ಮಾಡಿಸಿ ಯು-ಬೋಲ್ಟಿನಲ್ಲಿ ಉಳಿಸಲು ಹೋಗುವುದರಲ್ಲಿ ಅರ್ಥವಿಲ್ಲ.

ಪ್ಲೇಟ್ ತೆಗೆದಿದ್ದರೆ ಅದೇ ದಪ್ಪ, ಅದೇ ಅಗಲದ್ದನ್ನು ಸೇರಿಸಿ. ಕಮಾನು ಕಳೆದುಕೊಂಡ ಪಟ್ಟಿಯನ್ನು ಮತ್ತೆ ಕಮಾನು ಮಾಡಿಸಬಹುದು, ಆದರೆ ಪ್ರೆಸ್ಸಿನಲ್ಲಿ ತಣ್ಣಗೇ ಬಗ್ಗಿಸುವವರ ಹತ್ತಿರ ಕೊಡಿ. ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಸುತ್ತಿಗೆಯಲ್ಲಿ ಬಡಿದರೆ ಸ್ಪ್ರಿಂಗ್ ಉಕ್ಕಿಗೆ ಕಾರ್ಖಾನೆಯಲ್ಲಿ ಕೊಟ್ಟ ಹದ ಹೋಗುತ್ತದೆ. ನಾಲ್ಕು ಲೋಡಿಗೆ ಮತ್ತೆ ಚಪ್ಪಟೆಯಾಗುತ್ತದೆ, ಇಲ್ಲವೇ ಪಟ್ಟನೆ ಮುರಿಯುತ್ತದೆ. ಈಗಾಗಲೇ ಕಾಯಿಸಿದ ಪಟ್ಟಿಯಾದರೆ ಹೊಸ ಸೆಟ್ಟೇ ಗತಿ.

ಆಕ್ಸಲ್ ತಿರುಗಿಸಿದ್ದರೆ ಹೌಸಿಂಗಿನ ಮೇಲಿನ ಮೂಲ ಸೀಟುಗಳು ಉಳಿದಿವೆಯೇ ನೋಡಿ. ಉಳಿದಿದ್ದರೆ ಪಟ್ಟಿಯನ್ನು ಮೇಲೆ ಕೂರಿಸಿ, ಸೆಂಟರ್ ಬೋಲ್ಟಿನ ತಲೆ ಸೀಟಿನ ತೂತಿನಲ್ಲಿ ಪೂರ್ತಿ ಇಳಿದಿದೆಯೇ ಬೆರಳಿನಲ್ಲೇ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಸೀಟು ಕತ್ತರಿಸಿ ಎಸೆದಿದ್ದರೆ ಹೊಸದನ್ನು ಬೆಸೆಯಬೇಕು, ಆಗ ಕ್ರೌನಿನ ಮೂತಿಯ, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ತುದಿಯ, ಕೋನ ಮುಖ್ಯ. ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟೂ ಹೌಸಿಂಗಿನ ಮೂತಿಯೂ ಒಂದಕ್ಕೊಂದು ಸಮಾನಾಂತರ ಇರಬೇಕು. ಅದು ತಪ್ಪಿದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳು ಬೇಗ ಸವೆಯುತ್ತವೆ, ವೇಗ ಹಿಡಿದಾಗ ನೆಲವೆಲ್ಲ ನಡುಗುತ್ತದೆ. ಎರಡು ತುಂಡಿನ ಶಾಫ್ಟಿರುವ ಉದ್ದನೆಯ ಗಾಡಿಯಲ್ಲಿ ನಡುವಿನ ಬೇರಿಂಗಿನ ಬ್ರ್ಯಾಕೆಟ್ಟಿಗೆ ಇಳಿಸುವಾಗ ತುಂಡು ಇಟ್ಟಿದ್ದರೆ ಅದನ್ನೂ ತೆಗೆಯಿರಿ. ಫಸ್ಟ್ ಗೇರಿನಲ್ಲಿ ಹೊರಡುವಾಗ ಗಾಡಿ ಗಡಗಡ ಅಂದರೆ ಮೊದಲ ಅನುಮಾನ ಅದರ ಮೇಲಿರಲಿ.

ಯು-ಬೋಲ್ಟ್ ಬಿಗಿಯುವಾಗ ಒಂದನ್ನೇ ಪೂರ್ತಿ ಬಿಗಿಯದೆ ಅಡ್ಡಡ್ಡ ಸ್ವಲ್ಪ ಸ್ವಲ್ಪವೇ ಏರಿಸುತ್ತ, ಕೊನೆಗೆ ಟಾರ್ಕ್ ಪಾನದಲ್ಲಿ ಗಾಡಿಯ ಪುಸ್ತಕ ಹೇಳಿದಷ್ಟಕ್ಕೆ ನಿಲ್ಲಿಸಿ. ಪಟ್ಟಿಯ ಕಣ್ಣಿನ ಬೋಲ್ಟು, ಶ್ಯಾಕಲ್ ಬೋಲ್ಟು ಮಾತ್ರ ಆಗ ಬಿಗಿಯಬೇಡಿ. ಗಾಡಿಯನ್ನು ನೆಲಕ್ಕಿಳಿಸಿ, ಭಾರ ಚಕ್ರದ ಮೇಲೆ ಬಿದ್ದಮೇಲೆ ಬಿಗಿಯಿರಿ. ನೇತಾಡುವಾಗಲೇ ಬಿಗಿದರೆ ರಬ್ಬರ್ ಬುಷ್ ತಿರುಚಿದ ಸ್ಥಿತಿಯಲ್ಲೇ ಕಚ್ಚಿಕೊಂಡು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಮುಂದಿನ ಚಕ್ರಗಳನ್ನು ಹಿಡಿದ ಆರ್ಮ್ ಬುಷ್‌ಗಳಿಗೂ ಇದೇ ಮಾತು.

ಮುಂಭಾಗ

ಕಾಯಿಲ್ ಬದಲಾಯಿಸುವುದು ಮನೆ ಅಂಗಳದ ಕೆಲಸವಲ್ಲ. ಒತ್ತಿಹಿಡಿದ ಸ್ಪ್ರಿಂಗ್ ಜಾರಿದರೆ ಕೈಯೋ ದವಡೆಯೋ ಹೋಗುತ್ತದೆ. ಸರಿಯಾದ ಕಂಪ್ರೆಸರ್ ಇರುವ ಕಡೆಯೇ ಮಾಡಿಸಿ. ಹಳೆಯ ಶಾಕ್ ಗಿಡ್ಡದ್ದಾದರೆ ಅದೂ ಹೋಗಲಿ. ಗಿಡ್ಡ ಶಾಕ್ ಉಳಿದರೆ ಉಬ್ಬು ಇಳಿದಾಗಲೆಲ್ಲ ಅದು ತುದಿ ಮುಟ್ಟಿ "ಟಕ್" ಅನ್ನುತ್ತದೆ. ಪುಡಿಯಾದ ಬಂಪ್ ಸ್ಟಾಪ್ ರಬ್ಬರುಗಳನ್ನೂ ಈಗಲೇ ಬದಲಾಯಿಸಿಬಿಡಿ.

ಟಾರ್ಷನ್ ಬಾರಿನಲ್ಲಿ ಆಸೆ ಬೀಳಬೇಡಿ. ಬೋಲ್ಟ್ ತಿರುಗಿಸಿದಷ್ಟೂ ಮೂತಿ ಏರುತ್ತದೆ ನಿಜ, ಆದರೆ ಚಕ್ರ ಕೆಳಕ್ಕಿಳಿಯಲು ಇದ್ದ ಜಾಗವೇ ಅಷ್ಟಷ್ಟು ಕಡಿಮೆಯಾಗುತ್ತದೆ. ಕೊನೆಗೆ ಗುಂಡಿಗೆ ಬಿದ್ದ ಚಕ್ರ ಕೆಳಗಿಳಿಯದೆ ಗಾಡಿಯೇ ಕುಕ್ಕುತ್ತದೆ.

ನೇತಾಡಿಸಿ ನೋಡಿ

ಚಾಸಿಯ ಕೆಳಗೆ ಸ್ಟ್ಯಾಂಡ್ ಕೊಟ್ಟು ಹಿಂದಿನ ಆಕ್ಸಲ್ಲನ್ನು ಪೂರ್ತಿ ಕೆಳಕ್ಕೆ ಬಿಡಿ. ಬ್ರೇಕ್ ಹೋಸ್ ಬಿಗಿಯಾಗಿ ತಂತಿಯಂತೆ ನಿಂತಿದೆಯೇ? ಎ.ಬಿ.ಎಸ್. ವೈರು, ಹ್ಯಾಂಡ್‌ಬ್ರೇಕ್ ಕೇಬಲ್, ಹೌಸಿಂಗಿನ ಉಸಿರು ಪೈಪು ಎಲ್ಲಕ್ಕೂ ಸಡಿಲು ಉಳಿದಿದೆಯೇ? ಇಳಿಸಿದವರು ಹೋಸನ್ನು ಗಿಡ್ಡ ಮಾಡಿಯೋ ಸುತ್ತಿ ಟೈ ಕಟ್ಟಿಯೋ ಇಟ್ಟಿರುತ್ತಾರೆ. ಮುಂದಿನ ಚಕ್ರವನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿಯೂ ಇದನ್ನೇ ನೋಡಿ.

ಎಲ್ಲರೂ ಮರೆಯುವ ಒಂದು ಸಾಮಾನಿದೆ. ಬಹಳಷ್ಟು ಪಿಕಪ್ಪುಗಳಲ್ಲಿ ಚಾಸಿಗೂ ಹಿಂದಿನ ಆಕ್ಸಲ್ಲಿಗೂ ನಡುವೆ ಸಣ್ಣ ಸರಳಿನಿಂದ ಜೋಡಿಸಿದ ಲೋಡ್ ಸೆನ್ಸಿಂಗ್ ವಾಲ್ವ್ ಇರುತ್ತದೆ. ಚಾಸಿ ಕೆಳಗಿಳಿದಿದ್ದರೆ "ಲೋಡ್ ಇದೆ" ಎಂದುಕೊಂಡು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಕೊಡುತ್ತದೆ, ಮೇಲಿದ್ದರೆ ಖಾಲಿ ಎಂದುಕೊಂಡು ಕಡಿಮೆ ಮಾಡುತ್ತದೆ. ಇಳಿಸಿದಾಗ ಯಾರೋ ಆ ಸರಳನ್ನು ಬಗ್ಗಿಸಿ ಹೊಂದಿಸಿರುತ್ತಾರೆ, ಅಥವಾ ಕಿತ್ತು ಕಟ್ಟಿಹಾಕಿರುತ್ತಾರೆ. ಈಗ ಎತ್ತರಕ್ಕೆ ಬಂದ ಮೇಲೆ ಅದನ್ನು ಮೂಲದ ಅಳತೆಗೆ ತರದಿದ್ದರೆ, ಪೂರ್ತಿ ಲೋಡ್ ಹಾಕಿದ ದಿನ ಹಿಂದಿನ ಬ್ರೇಕು ಅರ್ಧವೇ ಕೆಲಸ ಮಾಡೀತು. ಹೈವೇಯಲ್ಲಿ ಮುಂದಿನ ಲಾರಿ ದಿಢೀರ್ ನಿಂತಾಗ ಮಾತ್ರ ಅದು ಗೊತ್ತಾಗುತ್ತದೆ.

ಇನ್ನೂ ಮೇಲೆ ಬೇಕೆಂದರೆ

ಅನುಮತಿಯ ಮಾತು ಮುಗಿಸಿಕೊಂಡಿದ್ದೀರಿ ಅಂದುಕೊಂಡು ಹೇಳುತ್ತೇನೆ: ಎರಡಿಂಚಿಗೆ ನಿಲ್ಲಿಸಿ. ವಿ-ಕ್ರಾಸ್‌ನಂಥ ಗಾಡಿಯ ಮುಂದಿನ ಸ್ಟ್ರಟ್ಟಿನ (ಕಾಯಿಲ್, ಶಾಕ್ ಎರಡೂ ಸೇರಿದ ಜೋಡಣೆ) ತಲೆಯ ಮೇಲೆ ಒಂದಿಂಚಿನ ಸ್ಪೇಸರ್ ಇಟ್ಟರೆ ಚಕ್ರದ ಹತ್ತಿರ ಹೆಚ್ಚುಕಡಿಮೆ ಎರಡಿಂಚು ಏರುತ್ತದೆ, ಏಕೆಂದರೆ ಸ್ಟ್ರಟ್ ಕೂತಿರುವುದು ಆರ್ಮಿನ ನಡುಭಾಗದಲ್ಲಿ. ಇದನ್ನು ತಿಳಿಯದೆ ಎರಡಿಂಚಿನ ಸ್ಪೇಸರ್ ಹಾಕಿಸಿ, ಮೇಲಿನ ಆರ್ಮು ಸ್ಪ್ರಿಂಗಿಗೆ ಉಜ್ಜಿ, ಬಾಲ್ ಜಾಯಿಂಟ್ ಮುರಿಯುವ ಮಟ್ಟಕ್ಕೆ ಬಂದ ಗಾಡಿಗಳಿವೆ. ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಡ್ರೈವ್ ಶಾಫ್ಟಿನ ಕೋನ ಹೆಚ್ಚಿ ಅದರ ರಬ್ಬರ್ ಬೂಟು ಹರಿಯುತ್ತದೆ, ಒಳಗೆ ಎರೆ ಮಣ್ಣಿನ ಕೆಸರು ಹೊಕ್ಕರೆ ಜಾಯಿಂಟ್ ಕೈಬಿಟ್ಟ ಹಾಗೇ.

ಹಿಂದೆ ಬ್ಲಾಕ್ ಇಡುವುದಾದರೆ ಒಂದೇ ಇಡಿ, ಅದೂ ಎರಕದ್ದೋ ಘನ ಉಕ್ಕಿನದ್ದೋ ಇರಲಿ. ಬ್ಲಾಕಿನ ಮೇಲೆ ಬ್ಲಾಕ್ ಪೇರಿಸುವಂತಿಲ್ಲ. ಮುಂದಿನ ಆಕ್ಸಲ್ಲಿಗೆ ಬ್ಲಾಕ್ ಎಂದಿಗೂ ಬೇಡ; ಬ್ರೇಕ್ ಒತ್ತಿದಾಗ ಬೀಳುವ ತಿರುಚು ಬಲಕ್ಕೆ ಅದು ಉರುಳಿದರೆ ಸ್ಟೀರಿಂಗ್ ಕೈಯಲ್ಲಿ ಉಳಿಯುವುದಿಲ್ಲ. ಚಾಸಿಯಿಂದ ಕೆಳಕ್ಕೆ ನೇತುಬಿದ್ದ ಶ್ಯಾಕಲ್ಲಾದರೆ ಎರಡಿಂಚು ಉದ್ದ ಮಾಡಿದಾಗ ಗಾಡಿ ಏರುವುದು ಒಂದಿಂಚು ಮಾತ್ರ, ಜೊತೆಗೆ ಕ್ರೌನಿನ ಮೂತಿಯೂ ತಿರುಗುತ್ತದೆ. ನಮ್ಮ ಕಡೆ "ಒಂದು ಪ್ಲೇಟ್ ಜಾಸ್ತಿ ಹಾಕ್ಸಿಬಿಡ್ರಿ" ಅನ್ನುವ ಚಾಳಿಯೂ ಇದೆ. ಎತ್ತರ ಬರುತ್ತದೆ, ಗಾಡಿ ಗಡುಸಾಗಿ ಖಾಲಿ ಬರುವಾಗ ಸೊಂಟ ಮುರಿಯುತ್ತದೆ. ಪ್ಲೇಟ್ ಹೆಚ್ಚಿದ್ದಕ್ಕೆ ಆರ್‌.ಸಿ.ಯಲ್ಲಿ ಬರೆದ ತೂಕವೇನೂ ಹೆಚ್ಚುವುದಿಲ್ಲ, ಬ್ರೇಕೂ ಬೇರಿಂಗೂ ಹಳೆಯವೇ.

ಖಾಲಿ ಪಿಕಪ್ಪಿನ ಹಿಂಭಾಗ ಸ್ವಲ್ಪ ಎದ್ದಿರುವುದು ಬೇಕೆಂದೇ ಮಾಡಿದ್ದು. "ಲೆವೆಲ್ ಕಾಣಲಿ" ಅಂತ ಮುಂಭಾಗವನ್ನಷ್ಟೇ ಎತ್ತಿದರೆ, ಲೋಡ್ ಬಿದ್ದಾಗ ಹಿಂದೆ ಕುಸಿದು ಮೂತಿ ಆಕಾಶ ನೋಡುತ್ತದೆ. ಸ್ಟೀರಿಂಗ್ ಹಗುರಾಗುತ್ತದೆ, ಹೆಡ್‌ಲೈಟು ಎದುರಿನವನ ಕಣ್ಣಿಗೇ ಹೊಡೆಯುತ್ತದೆ. ಎತ್ತರ ಹೆಚ್ಚಿದ ಗಾಡಿಯ ಭಾರದ ನಡುಬಿಂದುವೂ ಮೇಲೇರುತ್ತದೆ. ಚಿತ್ರದುರ್ಗದ ಜೋಗಿಮಟ್ಟಿ ಸುತ್ತ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ಹೊಟ್ಟಿನ ಚೀಲವನ್ನೋ ಮೇವನ್ನೋ ಎತ್ತರಕ್ಕೆ ಹೇರಿಕೊಂಡು ಆ ಗಾಳಿಯಲ್ಲಿ ಹೈವೇ ತಿರುವು ತೆಗೆಯುವಾಗ ಎರಡಿಂಚೂ ಲೆಕ್ಕಕ್ಕೆ ಬರುತ್ತದೆ.

ಗಾಡಿ ಹೊರತೆಗೆದ ಮೇಲೆ

ಮೊದಲು ಅಲೈನ್‌ಮೆಂಟ್. ಎತ್ತರ ಬದಲಾದರೆ ಟೋ (ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು), ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲಿರುವುದು), ಕ್ಯಾಸ್ಟರ್ (ಚಕ್ರ ತಿರುಗುವ ಸ್ಟೀರಿಂಗ್ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರುವುದು) ಮೂರೂ ಬದಲಾಗುತ್ತವೆ. "ಟೋ ಮಾಡಿದೀವಿ ಸಾರ್, ಸಾಕು" ಅಂದರೆ ಒಪ್ಪಬೇಡಿ. ಕ್ಯಾಸ್ಟರ್ ಕಡಿಮೆಯಾದ ಗಾಡಿ ಊರೊಳಗೆ ಚೆನ್ನಾಗಿಯೇ ಇರುತ್ತದೆ, ಹೈವೇಯಲ್ಲಿ ಎಂಬತ್ತು ದಾಟಿದ ಮೇಲೆ ಅತ್ತಿತ್ತ ಅಲೆಯುತ್ತದೆ, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ. ಮೂರರದ್ದೂ ಅಳತೆಯ ಚೀಟಿ ಕೇಳಿ ಪಡೆಯಿರಿ.

ಹೆಡ್‌ಲೈಟನ್ನು ರಾತ್ರಿ ಗೋಡೆಗೆ ಬಿಟ್ಟು ಹೊಂದಿಸಿ. ಐದು ಮೀಟರ್ ದೂರದ ಗೋಡೆಯ ಮೇಲೆ ಡಿಮ್ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಐದು ಸೆಂ.ಮೀ.ನಷ್ಟು ಕೆಳಗಿರಲಿ.

ನಂತರ ಖಾಲಿ ಗಾಡಿಯನ್ನು ಜನವಿಲ್ಲದ ಕಡೆ ಒಯ್ದು, ಕಡಿಮೆ ವೇಗದಿಂದ ಶುರುಮಾಡಿ ಬ್ರೇಕ್ ನೋಡಿ: ಒಂದು ಬದಿಗೆ ಎಳೆಯಬಾರದು, ಹಿಂದಿನ ಚಕ್ರ ಮೊದಲೇ ಕಚ್ಚಬಾರದು. ಆಮೇಲೆ ಎ.ಪಿ.ಎಂ.ಸಿ.ಯಲ್ಲಿ ನಿಮ್ಮ ಮಾಮೂಲಿ ಲೋಡ್ ಹಾಕಿಕೊಂಡು ಸಂತೇಬೆನ್ನೂರು ಮೇಲೆ ಚನ್ನಗಿರಿಗೆ ಹೋಗಿಬನ್ನಿ. ಕಿವಿಗಿಂತ ಮೂಗು ಮೊದಲು ಹೇಳುತ್ತದೆ. ರಬ್ಬರ್ ವಾಸನೆ ಬಂದರೆ ಟೈರು ಎಲ್ಲೋ ಉಜ್ಜುತ್ತಿದೆ. ಮಡ್‌ಗಾರ್ಡಿನ ಒಳಗೆ ಟಾರ್ಚ್ ಬಿಟ್ಟು ಹೊಳೆಯುವ ಜಾಗ ಹುಡುಕಿ.

ನೂರು ಕಿ.ಮೀ. ಓಡಿದ ಮೇಲೆ ಒಮ್ಮೆ, ಐನೂರಕ್ಕೆ ಇನ್ನೊಮ್ಮೆ ಯು-ಬೋಲ್ಟ್ ಬಿಗಿ ನೋಡಿಸಿ. ಹೊಸ ಪಟ್ಟಿಯೂ ಹೊಸ ಕಾಯಿಲ್ಲೂ ಮೊದಲ ಕೆಲವು ವಾರದಲ್ಲಿ ಸ್ವಲ್ಪ ಕೂರುತ್ತವೆ. ಮೊದಲು ಬರೆದಿಟ್ಟ ಆ ನಾಲ್ಕು ಅಳತೆಗಳ ಪಕ್ಕದಲ್ಲೇ ಹೊಸದನ್ನು ಬರೆಯಿರಿ. ಎಡಕ್ಕೂ ಬಲಕ್ಕೂ ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಒಂದು ಪಟ್ಟಿ ಸೋತಿದೆ ಅಥವಾ ಯಾವುದೋ ಬುಷ್ ಕಚ್ಚಿಕೊಂಡಿದೆ, ಅದು ಸರಿಯಾದ ಮೇಲೆ ಅಲೈನ್‌ಮೆಂಟ್ ಇನ್ನೊಮ್ಮೆ ಮಾಡಿಸಬೇಕಾಗುತ್ತದೆ.